ಕಾಕಾನ ಹೊಟ್ಟೆಯೊಳಗಿನ ಬಟ್ಟಲುಗಳು

ಇಡೀ ಸೊಲ್ಲಾಪುರದಲ್ಲಿ ತನ್ನ ಹೊಟ್ಟೆಯ ಒಳಗನ್ನು ಕಣ್ಣಾರೆ ಕಂಡವನು ತಾನೊಬ್ಬನೇ ಎಂದು ನಮ್ಮ ಕಾಕಾ ಹೇಳಿಕೊಂಡು ತಿರುಗುತ್ತಿದ್ದರು. ತಮಾಷೆಯೆಂದರೆ, ಅದು ಸುಳ್ಳೂ ಆಗಿರಲಿಲ್ಲ!

ಐವತ್ತರ ದಶಕದ ಮಾತು. ನಾನು ಆಗಷ್ಟೇ ಶಾಲಾ ಮಾಸ್ತರನಾಗಿ ಸೊಲ್ಲಾಪುರಕ್ಕೆ ಬಂದು ಕಾಕಾನ ಮನೆಯಲ್ಲಿ ಉಳಿದಿದ್ದೆ. ಕಾಕಾ ಕೈಮಗ್ಗದ ಕಾರ್ಖಾನೆಯೊಂದರಲ್ಲಿ ನೂಲಿಗೆ ಗಂಜಿ ಹಚ್ಚಿಸುವ ಮೇಲ್ವಿಚಾರಕರು. ವರ್ಷದಿಂದ ಅವರಿಗೆ ಹೊಟ್ಟೆಯ ಬಾಧೆ. ದಿನಕ್ಕೆ ಎಂಟು ಹತ್ತು ಸಲ ಓಡಬೇಕು. ಬರೀ ಲೋಳೆ, ಜೊತೆಗೆ ರಕ್ತ. ಅವರ ಹೆಂಡತಿ, ಅಂದರೆ ನಮ್ಮ ಕಾಕುವಿನ ತವರು ಅಕ್ಕಲಕೋಟೆಗೆ ಹೊರಟರಂತೂ ಕುಂಭಾರಿ ದಾಟಿದ ಮೇಲೊಮ್ಮೆ, ವಳಸಂಗ ದಾಟಿದ ಮೇಲೊಮ್ಮೆ ಬಸ್ಸು ನಿಲ್ಲಲೇಬೇಕು. ಕಂಡಕ್ಟರನೇ ಸೀಟಿ ಊದಿ, "ಕಾಕಾ, ನಿಮ್ಮ ಜಾಲಿಗಿಡ ಬಂತ್ರಿ!" ಎನ್ನುತ್ತಿದ್ದ.

ಕೊನೆಗೆ ಒಬ್ಬ ಡಾಕ್ಟರು ನಳಿಕೆ ಹಾಕಿ ನೋಡಿ, ದೊಡ್ಡ ಕರುಳಿನ ಒಳಪದರದಿಂದ ಚೂರೊಂದನ್ನು ಚಿವುಟಿ ತೆಗೆದರು. ಕೆಲವು ದಿನಗಳ ಮೇಲೆ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಾಕಾನನ್ನು ಕರೆದರು; ಜೊತೆಗೆ ನಾನೂ ಹೋಗಿದ್ದೆ. ಮೊದಲು ತೋರಿಸಿದ್ದು ಆರೋಗ್ಯವಂತನೊಬ್ಬನ ಕರುಳು: ಗುಲಾಬಿ ಬಣ್ಣದ ನಡುವೆ ಸಾಲುಸಾಲಾಗಿ ತಿಳಿಬಿಳಿ ಬಟ್ಟಲುಗಳು. ಆಮೇಲೆ ಕಾಕಾನದು: ಅಲ್ಲೊಂದು ಇಲ್ಲೊಂದು ಬಟ್ಟಲು, ಉಳಿದದ್ದೆಲ್ಲ ಬರಿದು.

"ಈ ಬಟ್ಟಲಿನಂಥ ಕೋಶಗಳು ಲೋಳಿ ತಯಾರ ಮಾಡ್ತಾವ," ಎಂದರು ಡಾಕ್ಟರು. "ಆ ಲೋಳಿ ಕರುಳಿಗೆ ಹೊದಿಕಿ ಇದ್ದಂಗ. ಕರುಳ ಕೆಂಪಾಗಿ ಬಾತ್ರ ಇವು ತಮ್ಮಲ್ಲಿದ್ದದ್ದೆಲ್ಲಾ ಸುರದು ಬಿಡ್ತಾವ. ಬಾವು ಇಳೀಲಿಲ್ಲಂದ್ರ ತಾವೇ ಖಾಲಿ ಆಗ್ತಾವ, ಹೊಸಾವು ಹುಟ್ಟೂದೂ ಕಡಿಮಿ. ಹಿಂಗ ನಡದ್ರ ಕರುಳನ ತಗೀಬೇಕಾಗ್ತದ್ರಿ."

ಆಪರೇಷನ್ನಿನ ಮಾತು ಕಾಕಾನ ಕಿವಿಗೇ ಬೀಳಲಿಲ್ಲ! ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಅಂಟಿಸಿ, "ನಾವು ನೂಲಿಗೆ ಗಂಜಿ ಹಚ್ಚಿದಂಗ ಇವು ನನಗ ಹಚ್ಚಾಕತ್ತಿದ್ವು. ಪಾಪ, ಒಂದ ದಿನಾ ರಜಾ ಕೇಳಿಲ್ಲ ನೋಡು!" ಎಂದರು.

ಅಂದಿನಿಂದ ಕಾಕಾ ಈ ಲೋಕದವರಾಗಿ ಉಳಿಯಲಿಲ್ಲ. ಮಧ್ಯಾಹ್ನ ಅಂಗಳದ ನೆರಳಿನಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂರುವರು.

"ಏನ್ ಮಾಡಾಕತ್ತೀರಿ ಕಾಕಾ?"

"ಹೊಲಾ ನೋಡಾಕತ್ತೀನಿ. ಗುಲಾಬಿ ಹೊಲ. ಬದುವಿನ ಮ್ಯಾಲ ಮೂರು ಹೊಸಾವು ಬಂದಾವ."

ಯಾವ ಹೊಲ, ಯಾವ ಬದು! ಆದರೂ ಕೇಳುತ್ತ ಕೇಳುತ್ತ ನನಗೂ ಕಣ್ಣೆಳೆಯುತ್ತಿತ್ತು. ಗುಲಾಬಿ ಮಬ್ಬಿನಲ್ಲಿ ಬಟ್ಟಲುಗಳು ಒಂದೊಂದಾಗಿ ತುಂಬಿಕೊಳ್ಳುವುದು ಕಾಣುತ್ತಿತ್ತು.

ಅಕ್ಕಲಕೋಟೆಯ ಮದುವೆಯೊಂದರಲ್ಲಿ ಶೇಂಗಾ ಚಟ್ನಿ ಬಡಿಸಲು ಬಂದವರಿಗೆ, "ಖಾರ ಬ್ಯಾಡ್ರಿ, ಅವು ಈಗಷ್ಟ ಚೇತರಿಸ್ಕೊಳ್ಳಾಕತ್ತಾವ," ಎಂದರು. "ಯಾವ್ರಿ ಅವು?" ಎಂದು ಪಕ್ಕದವರು ಕೇಳಿದ್ದೇ ತಪ್ಪಾಯಿತು! ಲೋಳೆಯ ವರ್ಣನೆ ಮುಗಿಯುವಷ್ಟರಲ್ಲಿ ಇಡೀ ಪಂಕ್ತಿ ಕೈ ತೊಳೆದಿತ್ತು. ಕಾಕಾ ಮಾತ್ರ ನಿಶ್ಚಿಂತೆಯಿಂದ ಮೊಸರನ್ನ ಕಲಸುತ್ತಿದ್ದರು.

ಇನ್ನು ನಮ್ಮ ಕಾಕು ಗಟ್ಟಿ ಬಾಯಿಯವರು. ಅವರು ಸಿಟ್ಟಾದರೆ ಓಣಿಯ ಎಮ್ಮೆಗಳೂ ಮೆಲುಕು ನಿಲ್ಲಿಸುತ್ತಿದ್ದವು. ಒಂದು ದಿನ ಕಾಕಾ ಗಂಭೀರವಾಗಿ, "ಡಾಕ್ಟರ್ ಹೇಳ್ಯಾರ, ನೀ ಒದರಿದ್ರ ಅವು ಹೆದರಿ ಖಾಲಿ ಆಗ್ತಾವಂತ," ಎಂದುಬಿಟ್ಟರು. ಕಾಕು ಪಿಸುಮಾತಿನಲ್ಲೇ ಜಗಳಾಡತೊಡಗಿದರು. ಪಿಸುಮಾತಿನಲ್ಲಿ ಬೈಸಿಕೊಳ್ಳುವುದು ಎಷ್ಟು ಭಯಂಕರ, ನಿಮಗೇನಾದರೂ ಗೊತ್ತೇ? ಬರುಬರುತ್ತ ಅದೂ ನಿಂತಿತು. ನಾವು ಗಂಡಸರು ಸುಖವಾಗಿದ್ದೆವು.

ಐದು ತಿಂಗಳ ಗುಳಿಗೆ, ಪಥ್ಯ ಮುಗಿದವು. ರಕ್ತ ನಿಂತಿತ್ತು. ಡಾಕ್ಟರು ಮತ್ತೊಂದು ಚೂರು ತೆಗೆದು, ಬರಹೇಳಿದ ದಿನ ಕಾಕು ಕೂಡ ನಮ್ಮೊಂದಿಗೆ ಬಂದರು.

"ತಿರುಗಿ ತುಂಬಾಕತ್ತಾವ್ರಿ," ಡಾಕ್ಟರು ನಕ್ಕರು. "ಕರುಳ ಉಳೀತು."

ಕಾಕು ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ ಕೇಳಿದರು:

"ಡಾಕ್ಟರ್ ಸಾಹೇಬ್ರ, ಮದಲ ಇವು ಖಾಲಿ ಆಗಿದ್ದು ನನ್ನ ಬಾಯಿಂದನ ಏನ್ರಿ?"

ಡಾಕ್ಟರು ಬೆರಗಾದರು. "ಹಂಗಂತ ಯಾರ ಹೇಳಿದ್ರು ತಾಯಿ? ಅದಕ್ಕೂ ಇದಕ್ಕೂ ಸಂಬಂಧನ ಇಲ್ಲ."

ನಾನು ಕಾಕಾನತ್ತ ನೋಡಿದೆ. ನಿದ್ದೆಯಿಂದ ಎಬ್ಬಿಸಿದವರಂತೆ ನಿಂತಿದ್ದರು. "ನಾ ಚಾಷ್ಟಿಗೆ ಅಂದಿದ್ನಲ್ಲ..." ಎಂದರು. ಕಾಕುವಿನ ಹೆಗಲು ಅಲುಗುತ್ತಿತ್ತು. ಕಾಕಾ ಹತ್ತಿರ ಹೋಗಿ, ಡಾಕ್ಟರ ಎದುರಿಗೇ, ನನ್ನೆದುರಿಗೇ, ಧೋತರದ ಚುಂಗಿನಿಂದ ಹೆಂಡತಿಯ ಕಣ್ಣೊರೆಸಿದರು.