ಬಚ್ಚಲಮನೆಯ ನುಗ್ಗೆಗಿಡ

ಆ ಭಾನುವಾರ ಬೆಳಿಗ್ಗೆ ಇಸ್ಲಾವ್‌ನ ಬಚ್ಚಲಮನೆಯಲ್ಲಿ ನುಗ್ಗೆಗಿಡ ಹೂ ಬಿಟ್ಟಿತು. ಆ ದಿನ ಅವನು ಪಟ್ಟ ಪಾಡಿಗೆಲ್ಲ ಅದೇ ಮೂಲ.

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಅವನು ಹೆಂಡತಿಯನ್ನು ಕೂಗಿದ. ಲೊರೇತಾ ಬಂದು ನೋಡಿದಳು. ಎಲೆಗಳ ಸಂದಿಯಲ್ಲಿ ಅಕ್ಕಿಕಾಳಿನಂಥ ಮೊಗ್ಗುಗಳು, ಅವುಗಳ ನಡುವೆ ಅರಳಿದ ಒಂದು ಗೊಂಚಲು, ಕೆನೆಯ ಬಣ್ಣದ್ದು.

"ಹೂವೇನೋ ಬಂತು. ತೊಟ್ಟಿ ನಮಗೆ ಯಾವತ್ತು ಸಿಗುತ್ತೆ?" ಎಂದಳು.

ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ವಿನ್ನಿಪೆಗ್‌ನಲ್ಲಿ ದೀಪಾವಳಿ ಹೊತ್ತಿಗೆಲ್ಲ ಹಿಮ ಬಿದ್ದಿರುತ್ತದೆ. ಅಲ್ಲಿಂದ ಮೇ ತಿಂಗಳವರೆಗೆ ಆ ಎರಡು ಕೋಣೆಯ ಮನೆಯ ಸ್ನಾನದ ತೊಟ್ಟಿ ಗಿಡದ ಪಾಲು. ತಲೆಯ ಮೇಲೆ ಅದಕ್ಕೊಂದು ದೀಪ, ಪಕ್ಕದಲ್ಲೊಂದು ಹೀಟರು. ಗಂಡಹೆಂಡತಿ ತೊಟ್ಟಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಸೋಪಿನ ನೊರೆ ಗಿಡಕ್ಕೆ ಹಾರದ ಹಾಗೆ, ಬಕೆಟ್ಟು ಚೊಂಬಿನಲ್ಲಿ ಕಳ್ಳರಂತೆ ಮಿಂದು ಬರುತ್ತಿದ್ದರು.

ಆದರೆ ಇಸ್ಲಾವ್‌ಗೆ ಅದು ಬರೀ ಗಿಡವಾಗಿರಲಿಲ್ಲ. ಕಡಲಾಚೆಯ ಇಲೊಕೋಸ್ ಸೀಮೆಯ ಅವನ ಹಳ್ಳಿಯಲ್ಲಿ, ಅಡುಗೆಮನೆಯ ಬಾಗಿಲ ಬಳಿ ಅವನ ತಾಯಿ ನೆಟ್ಟ ನುಗ್ಗೆಮರವಿತ್ತು. ತಾಯಿಯನ್ನು ಮಣ್ಣು ಮಾಡಿ ಬಂದ ದಿನ ಆ ಮರದ ಬುಡದಲ್ಲಿ ಕೂತಿದ್ದಾಗ, ಮಾಡಲು ಕೆಲಸವಿಲ್ಲದ ಅವನ ಕೈ ಒಂದು ಒಣಕಾಯಿಯನ್ನು ಮುರಿಯುತ್ತಿತ್ತು. ಬೀಜಗಳು ಅವನಿಗೇ ತಿಳಿಯದೆ ಕೋಟಿನ ಜೇಬು ಸೇರಿ ವಿನ್ನಿಪೆಗ್ ತಲುಪಿದವು. ಒಂದು ಮೊಳೆಯಿತು. ಮಾರನೆಯ ವರ್ಷ ಬಿರುಗಾಳಿಗೆ ಊರಿನ ಮರ ಮುರಿದು ಬಿತ್ತು. ಅವನ ಅಕ್ಕ ನಿಯೆವೆಸ್ ಫೋನಿನಲ್ಲಿ ಅತ್ತಳು. "ಅಮ್ಮನ ಮರ ಹೋಯ್ತು ಇಸ್ಲಾ. ಅದರ ಸಂತಾನ ಅಂತ ಇರೋದು ಇನ್ನು ನಿನ್ನ ಹತ್ತಿರ ಮಾತ್ರ."

ಅಲ್ಲಿಯವರೆಗೆ ಅವನು ಕ್ರಿಸ್‌ಮಸ್ಸಿಗೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಅಕ್ಕನಿಗೆ ಫೋನು ಮಾಡುವವನು. ಆಮೇಲೆ ಪ್ರತಿ ಭಾನುವಾರ ಸಂಜೆ, ಅಲ್ಲಿ ಸೋಮವಾರದ ಬೆಳಗಾಗುವ ಹೊತ್ತಿಗೆ, ಫೋನು ಹಿಡಿದು ಬಚ್ಚಲಿಗೆ ಹೋಗಿ ಗಿಡ ತೋರಿಸತೊಡಗಿದ. ಹೂ ಬಿಟ್ಟು ಕಾಯಿ ಕಚ್ಚಿದರೆ, ಬೀಜ ಒಣಗಿಸಿ, ತಾನೇ ಒಯ್ದು ಆ ಬಾಗಿಲ ಬಳಿ ಊರುತ್ತೇನೆಂದು ಮಾತು ಕೊಟ್ಟಿದ್ದ. ಈಗ ಹೂ ಬಂದಿತ್ತು. ಜೇನುಹುಳ ಬಾರದ ಬಚ್ಚಲಲ್ಲಿ ಜೇನುಹುಳದ ಕೆಲಸವನ್ನು ತಾನೇ ಮಾಡಬೇಕಲ್ಲ, ಒಂದು ಕೋಳಿಪುಕ್ಕ ತಂದು ಹೂವಿಂದ ಹೂವಿಗೆ ಸವರಿ, ಇಗರ್ಜಿಗೆ ಹೊರಟ.

ಪೂಜೆ ಮುಗಿದು ಕೆಳಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮನಾಂಗ್ ಬಸಿಲಿಯಾ ತೋಳು ಹಿಡಿದಳು. ಎಲ್ಲರಿಗೂ ಅಕ್ಕನಾದ ಕಾರಣ ಎಲ್ಲರೂ ಅವಳನ್ನು ಮನಾಂಗ್ ಎನ್ನುತ್ತಿದ್ದರು.

"ಇಸ್ಲಾವ್, ನನ್ನ ತಂಗಿ ಮಗಳು ಬಾಣಂತಿ. ಹಾಲು ಸಾಲ್ತಿಲ್ಲ. ಕೋಳಿಸಾರಿಗೆ ಒಂದೇ ಒಂದು ಹಿಡಿ ಸೊಪ್ಪು ಬೇಕು ಕಣಪ್ಪ."

ಬಸಿಲಿಯಾಳ ಹಿಡಿ ಯಾವ ಅಳತೆಯದೆಂದು ಇಸ್ಲಾವ್‌ಗೆ ಗೊತ್ತಿತ್ತು. ಅವಳು ಬಂದು ಹೋದ ಮೇಲೆ ಗಿಡ ಮೇಕೆ ನುಗ್ಗಿಹೋದ ಹಾಗಿರುತ್ತಿತ್ತು. ಸೊಪ್ಪು ಬಿಡಿಸುವ ನೆಪದಲ್ಲಿ ರೆಂಬೆಯನ್ನೇ ಮುರಿದುಕೊಂಡು ಹೋಗುವ ಕೈ. ಇಲ್ಲ ಎನ್ನುವಂತೆಯೂ ಇರಲಿಲ್ಲ. ಅವರ ಸೀಮೆಯಲ್ಲಿ ನುಗ್ಗೆಸೊಪ್ಪನ್ನು ಮಾರುವವರಿಲ್ಲ, ಕೇಳಿದವರಿಗೆ ಇಲ್ಲವೆನ್ನುವವರೂ ಇಲ್ಲ. ಬಾಣಂತಿಗೆ ಇಲ್ಲವೆಂದರೆ ಮರ ಬಂಜೆಯಾಗುತ್ತದೆಂದು ಅವನ ತಾಯಿಯೇ ಹೇಳುತ್ತಿದ್ದಳು. ಕೊಡದಿರಲು ಇದ್ದದ್ದು ಒಂದೇ ದಾರಿ.

"ಗಿಡ ಹೋಯ್ತು, ಮನಾಂಗ್."

"ಎಲ್ಲಿಗೆ?"

"ಸತ್ತುಹೋಯ್ತು. ಚಳಿಗೆ."

ಬಸಿಲಿಯಾಳ ಮುಖ ಬಿಳಿಚಿಕೊಂಡಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಕೋಟು ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋದಳು. ಅವಳು ಮಾತಿಲ್ಲದೆ ಹೊರಟದ್ದನ್ನು ಆ ಇಗರ್ಜಿಯಲ್ಲಿ ಯಾರೂ ಕಂಡಿರಲಿಲ್ಲ. ಇಸ್ಲಾವ್ ಉಸಿರು ಬಿಟ್ಟ.

ಆದರೆ ಬೆನ್ನ ಹಿಂದೆ ಪ್ಲಾಸಿದೊ ನಿಂತಿದ್ದ. ಇಸ್ಲಾವ್‌ನ ಬೇರೆ ಊರಲ್ಲಿರುವ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾದವನು, ಆ ಸಂಬಂಧದಿಂದ ಪರಸ್ಪರ ಕುಂಪಾರೆ. ಮೇಲಾಗಿ ಊರಿನವರ ಸಂಘದ ಅಧ್ಯಕ್ಷ. ಹೋದ ಬೇಸಿಗೆಯ ಕೂಟದಲ್ಲಿ ಆ ಗಿಡವನ್ನು ವೇದಿಕೆಗೇರಿಸಿ, ರಿಬ್ಬನ್ ಕಟ್ಟಿ, "ಇದು ಗಿಡವಲ್ಲ, ನಮ್ಮ ಬಾವುಟ" ಎಂದು ಊಟ ಆರುವವರೆಗೆ ಭಾಷಣ ಮಾಡಿದವನು.

"ಏನಂದೆ ಕುಂಪಾರೆ? ನಮ್ಮ ಮರ ಸತ್ತುಹೋಯ್ತಾ?" ಅವನು ಟೋಪಿ ತೆಗೆದ. "ನೀನೊಬ್ಬನೇ ಅಳಬೇಡ. ಮಧ್ಯಾಹ್ನ ಎಲ್ಲರನ್ನೂ ಕರ್ಕೊಂಡು ಬರ್ತೀನಿ."

"ಬೇಡ ಕುಂಪಾರೆ, ಲೊರೇತಾಗೆ ಮೈ ಸರಿಯಿಲ್ಲ."

"ಪಾಪ, ಅವಳಿಗೂ ದುಃಖ. ಕಾಂಡ ಎಸೆದುಬಿಟ್ಟೀಯ. ಸಂಘದ ಗೋಡೆಗೆ ಹಾಕೋಣ."

ಮನೆಗೆ ಬಂದು ಹೆಂಡತಿಗೆ ಹೇಳಿದ. ಮೈ ಗಟ್ಟಿಮುಟ್ಟಾಗಿದ್ದ ಲೊರೇತಾ ಸೌಟು ಕೆಳಗಿಟ್ಟಳು.

"ಸುಳ್ಳು ಹೇಳೋರಿಗೆ ಬಚ್ಚಿಡೋಕೆ ಜಾಗ ಇರ್ಬೇಕು. ಎರಡು ಕೋಣೆ ಮನೇಲಿ ಇರೋರು ನಿಜ ಹೇಳ್ಕೊಂಡು ಬದುಕ್ಬೇಕು. ಬದುಕಿದೆ ಅಂತ ಹೇಳಿಬಿಡು."

"ಸತ್ತದ್ದು ಬದುಕ್ತು ಅಂದ್ರೆ ಪ್ಲಾಸಿದೊ ಪವಾಡ ಅಂತ ಮೆರವಣಿಗೆ ಹೊರಡಿಸ್ತಾನೆ."

ಕಪಾಟಿನಲ್ಲಿ ಗಿಡ ನಿಲ್ಲಲಿಲ್ಲ, ಅದು ಲೊರೇತಾಳಿಗಿಂತ ಎತ್ತರ. ಮಲಗುವ ಕೋಣೆಯ ಹಾಸಿಗೆಯ ಮೇಲೆ ಬಂದವರೆಲ್ಲ ಕೋಟು ಗುಡ್ಡೆ ಹಾಕುತ್ತಾರೆ. ಉಳಿದದ್ದು ಕಾರು. ಇಂಜಿನ್ ಚಾಲೂ ಮಾಡಿ, ಹೀಟರು ಹಾಕಿ ಬಿಟ್ಟರೆ ಸಂಜೆಯವರೆಗೆ ಬೆಚ್ಚಗಿರುತ್ತದೆ. ಕುಂಡದ ಸಮೇತ ಗಿಡಕ್ಕೆ ಮೂರು ಕಂಬಳಿ ಸುತ್ತಿ, ಕೂಸನ್ನೆತ್ತಿಕೊಂಡ ಹಾಗೆ ಎದೆಗವಚಿಕೊಂಡು ಲಿಫ್ಟಿನ ಮುಂದೆ ನಿಂತ.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಅಕ್ಕಿಯ ಸಿಹಿಕಡುಬಿನ ತಟ್ಟೆ ಹಿಡಿದು ಪ್ಲಾಸಿದೊ ನಿಂತಿದ್ದ.

"ಬೇಗ ಬಂದೆ, ಕುರ್ಚಿ ಹಾಕೋಣ ಅಂತ," ಎಂದವನು ಕಂಬಳಿಯನ್ನು ಮೇಲಿಂದ ಕೆಳಗೆ ನೋಡಿದ. "ಇದ್ಯಾರು?"

ಇಸ್ಲಾವ್‌ನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. "ಸಂತ ಲೊರೆಂಜೊ. ವಿಗ್ರಹ. ಬಣ್ಣ ಹಚ್ಚಿಸೋಕೆ."

ಪ್ಲಾಸಿದೊ ತಟ್ಟೆಯನ್ನು ನೆಲಕ್ಕಿಟ್ಟು, ಶಿಲುಬೆಯ ಗುರುತು ಮಾಡಿ, ಕಂಬಳಿಯ ಅಂಚನ್ನು ಕಣ್ಣಿಗೊತ್ತಿಕೊಂಡು ಮುತ್ತಿಟ್ಟ. ಸಂತರನ್ನು ಒಬ್ಬನೇ ಹೊರಬಾರದೆಂದು ತಾನೂ ಒಂದು ಕಡೆ ಹಿಡಿದ. ಇಬ್ಬರೂ ಹಿಮ ತುಳಿಯುತ್ತ ಹೋಗಿ ಸಂತರನ್ನು ಹಿಂದಿನ ಸೀಟಿನಲ್ಲಿ ಓರೆಯಾಗಿ ಕೂರಿಸಿದರು. ಪ್ಲಾಸಿದೊನೇ ಸೀಟುಪಟ್ಟಿ ಬಿಗಿದ.

"ನೀನು ನಡಿ, ನಾನು ಇಂಜಿನ್ ಚಾಲೂ ಮಾಡಿ ಬರ್ತೀನಿ."

"ಯಾಕೆ?"

"ಹೀಟರಿಗೆ. ಬಣ್ಣ ಬಿರುಕು ಬಿಟ್ಟೀತು."

"ಧರ್ಮಕ್ಕಾಗಿ ಕೆಂಡದ ಮೇಲೆ ಮಲಗಿದ ಮಹಾನುಭಾವರು ಅವರು, ಈ ಚಳಿಗೆ ಹೆದರ್ತಾರಾ? ಅವರಿಗಾದ ಸೆಖೆಗೆ ಇದು ತಂಪು. ನಡಿ, ಜನ ಬರೋ ಹೊತ್ತಾಯ್ತು," ಎಂದು ತೋಳು ಹಿಡಿದು ಎಳೆದೊಯ್ದ.

ಮನೆ ತುಂಬಿತು. ಒಬ್ಬಳು ಶಾವಿಗೆ ತಂದಳು, ಒಬ್ಬ ಹುರಿದ ಹಂದಿಯ ತೊಡೆ ತಂದ. ಖಾಲಿ ತೊಟ್ಟಿಯ ಮುಂದೆ ಮೇಣದಬತ್ತಿ ಹಚ್ಚಿದರು. ಮುದುಕಿಯೊಬ್ಬಳು ಜಪಸರ ತೆಗೆದು, ಮರಕ್ಕೆ ಯಾವ ಪ್ರಾರ್ಥನೆ ಹೇಳಬೇಕೆಂದು ತಿಳಿಯದೆ, ಸಮುದ್ರದಲ್ಲಿ ಹೋದವರಿಗೆ ಹೇಳುವುದನ್ನು ಹೇಳಿದಳು. ಆಮೇಲೆ ಒಬ್ಬೊಬ್ಬರಿಗೂ ತಮ್ಮ ತಮ್ಮ ಮನೆಯ ಮರ ನೆನಪಾಯಿತು. ಯಾರದೋ ಬಾವಿಕಟ್ಟೆಯ ಮೇಲಿನದು, ಯಾರದೋ ಎಮ್ಮೆ ಕಟ್ಟುತ್ತಿದ್ದದ್ದು. ಹಂದಿಯ ತೊಡೆ ತಂದವನು ಕಿಟಕಿಯಾಚೆಯ ಬಿಳುಪನ್ನು ನೋಡುತ್ತ ಕೂತ.

ಇಸ್ಲಾವ್‌ನ ಜೀವವೆಲ್ಲ ಕಾರಿನಲ್ಲಿತ್ತು. ಯಾರೋ ಹೊರಡಲು ಎದ್ದರು. "ಕೆಳಗಿನವರೆಗೆ ಬರ್ತೀನಿ," ಎಂದು ಅವರಿಗಿಂತ ಮೊದಲೇ ಚಪ್ಪಲಿ ಮೆಟ್ಟಿದ. ನಾಲ್ಕು ಕೈಗಳು ಅವನನ್ನು ಮರಳಿ ಕೂರಿಸಿದವು.

"ಅಯ್ಯೋ, ಸಾವಿನ ಮನೆಯವರು ಬಂದವರನ್ನ ಕಳಿಸೋಕೆ ಹೊಸ್ತಿಲು ದಾಟ್ತಾರಾ? ಸಾವು ಅವರ ಹಿಂದೇನೇ ಹೋಗುತ್ತೆ. ಕೂತ್ಕೊ."

ಕಸ ಹಾಕಲು ಎದ್ದ, ಬೇರೆಯವರು ಹಾಕಿಬಂದರು. ಉಪ್ಪು ತರಲು ಎದ್ದ, ಪಕ್ಕದ ಮನೆಯಿಂದ ಉಪ್ಪು ಬಂತು. ಅವನು ಚಡಪಡಿಸಿದಷ್ಟೂ ಜನ, "ಎಷ್ಟು ಹಚ್ಕೊಂಡಿದ್ದ ನೋಡು," ಎಂದು ಕಣ್ಣೊರೆಸಿಕೊಂಡರು. ಕಡೆಗೆ ಲೊರೇತಾ ಬೇಕೆಂದೇ ಶಾವಿಗೆಯ ಪಾತ್ರೆಯನ್ನು ಪ್ಲಾಸಿದೊನ ತೊಡೆಯ ಮೇಲೆ ಚೆಲ್ಲಿದಳು. ಆ ಗದ್ದಲದಲ್ಲಿ ಇಸ್ಲಾವ್ ಓಡಿದ.

ಕಾರಿನ ಗಾಜಿಗೆ ಹಿಮ ಕಟ್ಟಿತ್ತು. ಕಂಬಳಿ ಬಿಡಿಸಿದ. ಎಲೆಗಳು ಬೇಯಿಸಿ ಹಿಂಡಿದ ಸೊಪ್ಪಿನಂತೆ ಕಪ್ಪಾಗಿದ್ದವು. ಹೂವಿನ ಗೊಂಚಲು ಅವನ ಬೆರಳಿಗೇ ಅಂಟಿ ಬಂತು. ಕಾಂಡ ಸುಮ್ಮನೆ ಮುಟ್ಟಿದ್ದಕ್ಕೇ ಲಟಕ್ಕೆಂದಿತು. ಸೀಟುಪಟ್ಟಿ ಮಾತ್ರ ಬಿಗಿಯಾಗಿಯೇ ಇತ್ತು.

ಅವನು ಮೇಲೆ ಬಂದಾಗ ಮುಖ ನೋಡಿ ಜನ ಸರಿದು ಮೇಜಿನ ಮುಂದೆ ಕುರ್ಚಿ ಬಿಟ್ಟುಕೊಟ್ಟರು. ಈಗಷ್ಟೇ ಬಂದಿದ್ದ ಬಸಿಲಿಯಾ ಮುಚ್ಚಳ ಹಾಕಿದ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬಟ್ಟಲಿಗೆ ಬಡಿಸಿ ಅವನ ಮುಂದೆ ಸರಿಸಿದಳು. ಶುಂಠಿ ಹಾಕಿದ ಕೋಳಿಸಾರು. ಮೇಲೆ ನುಗ್ಗೆಸೊಪ್ಪು. ಅಂಗಡಿಯ ಮಂಜುಗಟ್ಟಿದ ಸೊಪ್ಪಲ್ಲ, ಈಗ ಕಿತ್ತದ್ದು, ಎಳೆಹಸಿರು. ಅದರ ನಡುವೆ ಒಂದು ಬಿಳಿಹೂ ತೇಲುತ್ತಿತ್ತು.

"ಮನಾಂಗ್, ಇದೆಲ್ಲಿಂದ ಬಂತು?"

ಬಸಿಲಿಯಾ ಕುತ್ತಿಗೆಗೆ ಸುತ್ತಿದ ಉಣ್ಣೆವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. "ಬಯ್ಯಬೇಡ ಕಣಪ್ಪ. ಹೋದ ವರ್ಷ ಸೊಪ್ಪಿನ ಜೊತೆ ನಿನ್ನ ಗಿಡದ ಒಂದು ರೆಂಬೆ ಮುರ್ಕೊಂಡು ಹೋಗಿ ನೆಟ್ಟಿದ್ದೆ. ನನ್ನ ಬಚ್ಚಲಲ್ಲಿ."

"ನಿಮ್ಮ ಹತ್ತಿರವೇ ಇದ್ದಾಗ ನನ್ನನ್ನ ಯಾಕೆ ಕೇಳಿದ್ರಿ?"

"ನಂದು ಹೂ ಬಿಟ್ಟಿತ್ತಲ್ಲ, ಕೀಳೋಕೆ ಮನಸ್ಸು ಬರಲಿಲ್ಲ."

ಇಸ್ಲಾವ್ ಮೇಜನ್ನು ದಾಟಿ ಅವಳ ಕೈ ಹಿಡಿದ. "ಅದರದ್ದೊಂದು ರೆಂಬೆ ಕೊಡಿ ಮನಾಂಗ್. ಒಂದೇ ಒಂದು."

"ಎಲ್ಲಿಂದ ಕೊಡ್ಲಿ? ನಿಂದು ಸತ್ತಿತು ಅಂದಾಗಲೇ ನನಗೆ ಗೊತ್ತಾಯ್ತು, ಕದ್ದ ಮರಿ ತಾಯಿಯ ಉಸಿರು ಎಳ್ಕೊಂಡ್ತು ಅಂತ. ಅಂಥ ಪಾಪ ಮನೇಲಿಟ್ಕೊಳ್ಳಲಾ? ಹೋದವಳೇ ಬುಡಸಮೇತ ಕಿತ್ತು, ಸೊಪ್ಪು ಬಿಡಿಸಿ ನಿನಗೆ ಸಾರು ಮಾಡ್ದೆ. ಉಳಿದದ್ದನ್ನ ಹಿಮಕ್ಕೆ ಎಸೆದೆ." ಅವಳು ಮೂಗು ಒರೆಸಿಕೊಂಡಳು. "ತಿನ್ನು, ಆರುತ್ತೆ."

ಒಂದು ಚಮಚ ಬಾಯಿಗಿಟ್ಟ. ತಾಯಿಯ ಕೈಯದೇ ರುಚಿ.

ಅಷ್ಟರಲ್ಲಿ ಫೋನು ಕೂಗಿತು. ಹೊತ್ತಾದರೂ ತಮ್ಮ ಕರೆಯಲಿಲ್ಲವೆಂದು ಅಕ್ಕನೇ ಕರೆದಿದ್ದಳು.

"ಎಲ್ಲಪ್ಪ ಗಿಡ? ಮೊಗ್ಗು ಅರಳ್ತಾ?"

ಇಸ್ಲಾವ್ ಫೋನನ್ನು ಬಟ್ಟಲ ಮೇಲೆ ಹಿಡಿದ. "ಅರಳಿತ್ತು ಅಕ್ಕ. ಇಷ್ಟು ಉಳ್ಕೊಂಡಿದೆ." ಆಮೇಲೆ ಎಲ್ಲರೆದುರೇ, ಸುಳ್ಳು, ಸಂತ, ಕಾರು, ಒಂದನ್ನೂ ಬಿಡದೆ ಹೇಳಿದ. ಪ್ಲಾಸಿದೊ ತಾನು ಮುತ್ತಿಟ್ಟದ್ದು ಯಾವುದಕ್ಕೆಂದು ತಿಳಿದು ತುಟಿ ಒರೆಸಿಕೊಂಡ. "ಅಮ್ಮನ ಮರದ್ದು ಇನ್ನು ಎಲ್ಲೂ ಏನೂ ಇಲ್ಲ," ಎಂದು ಇಸ್ಲಾವ್ ಮುಗಿಸಿದ.

ನಿಯೆವೆಸ್ ಫೋನು ಹಿಡಿದುಕೊಂಡೇ ಹೊರನಡೆದಳು. ಪರದೆಯಲ್ಲಿ ನೆಲ ಕಂಡಿತು, ಕೋಳಿಯೊಂದು ಓಡಿತು, ಅಡುಗೆಮನೆಯ ಬಾಗಿಲು ಬಂತು. ಬಾಗಿಲ ಬಳಿ, ಬೆಳಗಿನ ಬಿಸಿಲಿನಲ್ಲಿ, ಸೂರಿಗಿಂತ ಎತ್ತರದ ನುಗ್ಗೆಮರ. ಕೊಂಬೆ ಕೊಂಬೆಗೂ ಕಾಯಿ ಜೋತಿದ್ದವು.

"ಬುಡ ಚಿಗುರಿತು," ಎಂದಳು ಅಕ್ಕ. "ನುಗ್ಗೆಯಲ್ವಾ, ಅದೆಲ್ಲಿ ಸಾಯುತ್ತೆ. ಬಿರುಗಾಳಿ ಬಂದು ಹೋದ ಮಳೆಗಾಲದಲ್ಲೇ ಚಿಗುರಿತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಭಾನುವಾರ ಭಾನುವಾರ ಫೋನು ಮಾಡ್ತಿದ್ದೆಯಾ?"

ಬಂದವರೆಲ್ಲ ಅವನ ಹೆಗಲ ಮೇಲಿಂದ ಬಗ್ಗಿ ಆ ಅಂಗೈಯಗಲದ ಪರದೆಯನ್ನೇ ನೋಡುತ್ತಿದ್ದರು. ಗಾಳಿಗೆ ಮರ ಅಲುಗಿತು. ಬಸಿಲಿಯಾಳ ಕೈ ತಾನಾಗಿಯೇ ಮೇಲೆದ್ದು, ಒಂದು ಹಿಡಿಯಾಗಿ, ಮತ್ತೆ ಮಡಿಲಿಗೆ ಇಳಿಯಿತು.

"ಸರಿ, ಮುಂದಿನ ಭಾನುವಾರ ಏನು ತೋರಿಸ್ತೀಯ?" ಎಂದಳು ಅಕ್ಕ.

"ಖಾಲಿ ತೊಟ್ಟಿ ಇದೆ," ಎಂದು ಲೊರೇತಾ ಹಿಂದಿನಿಂದ ಹೇಳಿದಳು.

"ಅದನ್ನೇ ತೋರಿಸು," ಎಂದಳು ನಿಯೆವೆಸ್.