ವಿಷಯ: ಕೆಂಪು ಬಾಳೆಹಣ್ಣಿನ ವಿಲೇವಾರಿ ಕುರಿತು

ನಾನು ಬರೆದ ಪತ್ರಕ್ಕೆ ಉತ್ತರ ಬಾರದೇ ಉಳಿದದ್ದು ಅಂತ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಖರೇನೇ ಹೇಳುತ್ತಿದ್ದೇನೆ. ಕಲಬುರಗಿಯ ಒಂದು ಸರಕಾರಿ ಕಚೇರಿಯ ಪತ್ರವ್ಯವಹಾರ ವಿಭಾಗದಲ್ಲಿ ತಲೆ ಬೆಳ್ಳಗಾಗುವ ತನಕ ಕೂತು ನಿವೃತ್ತನಾದವನು ನಾನು. ನನ್ನ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಒಂದೇ ಸಾಲಿಗೆ ಎಂಥೆಂಥ ಅಧಿಕಾರಿಗಳು ಕುಡಿಯುವ ಚಹಾ ಕೆಳಗಿಟ್ಟು ಫೈಲು ಹುಡುಕಿದ್ದಾರೆ! ಹೀಗಿರುವಾಗ ನಾಲ್ಕು ಬಾಳೆಹಣ್ಣು ಮಾರುವುದಕ್ಕೆ ಒಂದು ಇ-ಮೇಲ್ ಬರೆಯುವುದು ಯಾವ ಮಹಾ ಕೆಲಸ?

ಬಾಳೆಹಣ್ಣು ನನ್ನವಲ್ಲ. ನನ್ನ ಹೆಂಡತಿ ಶಶಿಕಲಾಳ ತಮ್ಮ ಸಿದ್ದುವಿನವು. ಕಮಲಾಪುರದ ಹೊಲದಲ್ಲಿ ಅವನು ಹಟ ಹಿಡಿದು ಕೆಂಪು ಬಾಳೆ ಹಚ್ಚಿದ್ದ. ನಮ್ಮ ಮಾವನವರು ತೊಗರಿಯ ಮನುಷ್ಯ. ತೊಗರಿ ಬಿಟ್ಟು ಬೇರೆ ಏನೇ ಹಚ್ಚಿದರೂ ಅವರ ಕಣ್ಣಿಗೆ ಅದು ಹುಡುಗಾಟ. ಅವರು ಮಗನಿಗೆ ಒಂದೇ ಮಾತು ಹೇಳಿದ್ದರು: “ಬೆಳೆಯೋದು ದೊಡ್ಡದಲ್ಲ, ಮಾರೋದು ದೊಡ್ಡದು. ಮೊದಲನೇ ಕೊಯ್ಲು ನೀನೇ ಮಾರಿ ತೋರ್ಸು. ಆಗ್ಲಿಲ್ಲಂದ್ರ ಬಾಳಿ ಕಿತ್ತಿ ತೊಗರಿ ಬಿತ್ತದು.”

ಸಿದ್ದು ಒಂದು ದಿನ ಶಹಾಬಜಾರದ ನಮ್ಮ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತ.

“ಮಾಮಾ, ದಲಾಲಿ ಕೈಯಾಗ ಕೊಡಂಗಿಲ್ಲ, ಸೀದಾ ಮಂದೀ ಮನಿಗೇ ಮಾರ್ತೀನಿ ಅಂತ ಅಪ್ಪನ ಮುಂದ ಎದಿ ಉಬ್ಬಿಸಿ ಹೇಳೀನ್ರಿ. ಈಗ ಗಿರಾಕಿ ಎಲ್ಲಿಂದ ತರ್ಲಿ?”

“ಗಿರಾಕಿ ನಾ ತರ್ತೀನಿ. ನೀ ಹಣ್ಣು ತಾ!” ಎಂದೆ. ಆ ಕ್ಷಣದಲ್ಲಿ ನನ್ನ ದನಿ ನನಗೇ ಭಾಳ ಚಂದ ಕೇಳಿಸಿತು.

ಶಶಿ ಒಳಗಿನಿಂದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಏನ್ರಿ, ಅವನ ತೋಟದ ಮಾತದ. ಸುಮ್ನ ಏನಾರ ಒಂದು ಮಾಡಿ ಇಡಬ್ಯಾಡ್ರಿ.”

ಈ ಹೆಂಗಸಿಗೆ ನನ್ನ ಪತ್ರವ್ಯವಹಾರದ ಬೆಲೆ ಮೊದಲಿನಿಂದಲೂ ಗೊತ್ತಿಲ್ಲ.

ಕಾಲೇಜಿನಲ್ಲಿ ಓದುತ್ತಿರುವ ಮಗಳು ವಿದ್ಯಾ ಲ್ಯಾಪ್‌ಟಾಪಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಟ್ಟಳು. ಒಮ್ಮೆ ಒತ್ತಿದರೆ ಎಲ್ಲರಿಗೂ ಮೇಲ್ ಹೋಗುತ್ತದೆ, ಯಾರು ತೆಗೆದು ನೋಡಿದರು ಅಂತಲೂ ತಿಳಿಯುತ್ತದೆ. ವಿಳಾಸಗಳಿಗೆ ನನ್ನ ಹತ್ತಿರ ಬರಗಾಲವಿಲ್ಲ. ನಮ್ಮ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ ನಾನೇ. ಅವರ ಜೊತೆಗೆ ನೆಂಟರು, ಗಲ್ಲಿಯವರು, ಎಲ್ಲರನ್ನೂ ಸೇರಿಸಿದೆ. ಎಲ್ಲಿಯೂ ತಪ್ಪಬಾರದು ಎಂದು ನನ್ನ ಹೆಸರನ್ನೂ ಹಾಕಿದೆ. ನಂತರ ಕನ್ನಡಕ ಒರೆಸಿಕೊಂಡು ಮೊದಲನೆಯ ಮೇಲ್ ಬರೆದೆ:

‘ವಿಷಯ: ಕಮಲಾಪುರದ ಕೆಂಪು ಬಾಳೆಹಣ್ಣುಗಳ ವಿಲೇವಾರಿ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹಣ್ಣುಗಳು ಕೆಂಪಾಗಿಯೂ ಸಿಹಿಯಾಗಿಯೂ ಇರುವುದು ಕಂಡುಬಂದಿರುತ್ತದೆ. ಆದ್ದರಿಂದ ತಾವು ಸದರಿ ಹಣ್ಣುಗಳನ್ನು ಖರೀದಿಸಿ, ಸೇವಿಸಿ, ಅನುಪಾಲನಾ ವರದಿ ಸಲ್ಲಿಸಲು ಈ ಮೂಲಕ ಕೋರಲಾಗಿದೆ.’

ಓದಿ ನನಗೇ ರೋಮಾಂಚನವಾಯಿತು. ಕಳಿಸಿ, ಫೋನನ್ನು ಮುಂದಿಟ್ಟುಕೊಂಡು ಕೂತೆ. ಮಧ್ಯಾಹ್ನದ ಊಟವಾಯಿತು. ನಿದ್ದೆಯಾಯಿತು. ಸಂಜೆಯ ಚಹಾ ಆಯಿತು. ಒಂದು ಫೋನೂ ಇಲ್ಲ!

“ವಿದ್ಯಾ, ಎಷ್ಟ್ ಮಂದಿ ತೆಗ್ದು ನೋಡ್ಯಾರ?”

“ಯಾರೂ ಇಲ್ಲ ಪಪ್ಪಾ.”

“ಯಾರೂ ಅಂದ್ರ?”

“ಯಾರೂ ಅಂದ್ರ ಯಾರೂ ಇಲ್ಲ. ಬಾಳೆಹಣ್ಣಿನ ವಿಲೇವಾರಿ ಅಂದ್ರ ಯಾರ್ ತೆಗೀತಾರ? ಕೊಳೆತ ಹಣ್ಣು ಎಲ್ಲಿ ಒಗೀಬೇಕು ಅಂತ ಕೇಳಿದಾಂಗದ!”

ನಾನು ಎದೆಗುಂದಲಿಲ್ಲ. ಕಚೇರಿಯಲ್ಲಿ ಉತ್ತರ ಬಾರದಿದ್ದರೆ ಏನು ಮಾಡುತ್ತಿದ್ದೆವು? ಜ್ಞಾಪನ ಕಳಿಸುತ್ತಿದ್ದೆವು. ಮರುದಿನ ಎರಡನೆಯ ಮೇಲ್ ಹೋಯಿತು: ‘ಜ್ಞಾಪನ-೧. ಅತೀ ಜರೂರು. ಹಿಂದಿನ ಪತ್ರಕ್ಕೆ ತಾವು ಈವರೆಗೂ ಉತ್ತರಿಸದೇ ಇರುವುದು ವಿಷಾದನೀಯ.’

ಈ ಸಲ ಒಂದು ಉತ್ತರ ಬಂತು. ಲೆಕ್ಕಪತ್ರ ವಿಭಾಗದಲ್ಲಿದ್ದ ನಮ್ಮ ಹಳೆಯ ಸಹೋದ್ಯೋಗಿ ಬರೆದಿದ್ದರು. ಖುಷಿಯಿಂದ ಜೋರಾಗಿ ಓದಿದೆ: ‘ಮಾನ್ಯರೇ, ಸದರಿ ಬಾಳೆಹಣ್ಣಿನ ವ್ಯವಹಾರವು ನನ್ನ ಸೇವಾವಧಿಯಲ್ಲಿ ನಡೆದಿರುವುದಿಲ್ಲ. ಈ ಕಾರಣಕ್ಕಾಗಿ ನನ್ನ ಪಿಂಚಣಿಯನ್ನು ತಡೆಹಿಡಿಯಬಾರದಾಗಿ ಪ್ರಾರ್ಥನೆ.’

ವಿದ್ಯಾ ಬಿದ್ದು ಬಿದ್ದು ನಕ್ಕಳು. ಶಶಿ ನಗಲಿಲ್ಲ. ಅಷ್ಟರಲ್ಲಿ ಸಿದ್ದುವಿನ ಫೋನು ಬಂತು. “ಮಾಮಾ, ಗೊನಿ ಕೊಯ್ದೀನ್ರಿ. ಇನ್ನ ನಿಲ್ಲಂಗಿಲ್ಲ. ಶನಿವಾರ ಟೆಂಪೋದಾಗ ತರ್ತೀನಿ. ಗಿರಾಕಿ ಅದಾರಲ್ರಿ?”

“ಅದಾರ ಅದಾರ!” ಎಂದೆ. ಹೇಳಿದ್ದು ಸುಳ್ಳು. ಫೋನು ಇಟ್ಟು ಒಂದು ತಂಬಿಗೆ ನೀರು ಕುಡಿದೆ.

ವಿದ್ಯಾಳಿಗೆ ನನ್ನ ಮೇಲೆ ಕನಿಕರ ಬಂತು. “ಪಪ್ಪಾ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಕಮಲಾಪುರದ ಕೆಂಪು ಬಾಳೆಹಣ್ಣು ಬಂದಾವ, ಡಜನ್‌ಗಿ ಇಷ್ಟು, ಬೇಕಾದೋರು ಈ ನಂಬರಿಗೆ ಫೋನ್ ಮಾಡ್ರಿ. ಮುಗೀತು.”

ಇಷ್ಟು ಸರಳವಾಗಿ ಬರೆಯುವುದಾದರೆ ನಾನೇ ಯಾಕೆ ಬೇಕು? ನಾನು ಮೊಬೈಲಿನಲ್ಲಿ ಈ ವಿದ್ಯೆಯ ಪಾಠವನ್ನೇ ಹುಡುಕಿದೆ. ಗಡ್ಡ ಬಿಟ್ಟ ಹುಡುಗನೊಬ್ಬ ಕೈ ಆಡಿಸುತ್ತ ಹೇಳುತ್ತಿದ್ದ: ವಿಷಯದ ಸಾಲು ಓದಿದ ಕೂಡಲೇ ಮನುಷ್ಯನಿಗೆ ಒಳಗೆ ಏನಿದೆ ಅಂತ ಚಡಪಡಿಕೆ ಹುಟ್ಟಬೇಕು. ಆಹಾ! ಎದ್ದು ಕೂತೆ. ಅವನು ಆಮೇಲೆಯೂ ಏನೇನೋ ಹೇಳಿದನೆಂದು ವಿದ್ಯಾ ನಂತರ ತಿಳಿಸಿದಳು. ಒಳಗೆ ಏನು ಬರೆಯಬೇಕು, ಓದಿದವರು ಮುಂದೆ ಏನು ಮಾಡಬೇಕು ಎಂದೆಲ್ಲ ಹೇಳಿದನಂತೆ. ನಾನು ಆಗಲೇ ಮೊಬೈಲು ಮುಚ್ಚಿದ್ದೆ.

ನಮ್ಮ ಕಡೆಯ ಮಂದಿಗೆ ಯಾವುದರಿಂದ ಚಡಪಡಿಕೆ ಹುಟ್ಟುತ್ತದೆ? ಚಿನ್ನದ ದರದಿಂದಲ್ಲ, ಚುನಾವಣೆಯಿಂದಲೂ ಅಲ್ಲ. ಬಾಜೂ ಮನೆಯ ಸುದ್ದಿಯಿಂದ! ಮೂರನೆಯ ಮೇಲ್ ತಾನೇ ತಾನಾಗಿ ಹರಿಯಿತು:

‘ವಿಷಯ: ನಮ್ಮ ಮನೆಯಲ್ಲಿ ಶುಭ ಸುದ್ದಿ! ಆತ್ಮೀಯರೇ, ಬರುವ ಭಾನುವಾರ ಬೆಳಿಗ್ಗೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ನಮ್ಮ ಮನೆಗೆ ಆಗಮಿಸಿ ಸಂತೋಷದಲ್ಲಿ ಭಾಗಿಗಳಾಗಬೇಕು. ವಿವರಗಳಿಗೆ ಲಗತ್ತು ನೋಡಿ.’

ಹಣ್ಣು, ದರ, ಡಜನ್ನು, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಚಂದಗೆ ಬರೆದಿಟ್ಟಿದ್ದೆ. ಕಳಿಸಿದ ಮೇಲೆ ಒಮ್ಮೆ ತೆಗೆದು ನೋಡಿ, ಎರಡು ಸಲ ಓದಿ, ತೃಪ್ತಿಯಿಂದ ಮಲಗಿದೆ.

ಭಾನುವಾರ ಬೆಳಿಗ್ಗೆ ನಡುಮನೆಯ ತುಂಬ ಕೆಂಪು ಗೊನೆಗಳು. ಮನೆಯೆಲ್ಲ ಘಮಘಮ. ನಾನು ಇಸ್ತ್ರಿ ಅಂಗಿ ತೊಟ್ಟು, ಮೇಜು ಹಾಕಿ, ಅದರ ಮೇಲೆ ರೊಕ್ಕದ ಡಬ್ಬಿ ಇಟ್ಟು ಕೂತೆ. ಸಿದ್ದು ಹಣ್ಣು ಒರೆಸುತ್ತ ನಿಂತಿದ್ದ. ಮೊದಲು ಬಂದವರು ಎದುರು ಮನೆಯ ಕುಲಕರ್ಣಿ ಕಾಕಾ ಮತ್ತು ಕಾಕು. ಕಾಕುವಿನ ಮೈಮೇಲೆ ರೇಷ್ಮೆ ಸೀರೆ, ಕೈಯಲ್ಲಿ ಪೇಢೆಯ ಪೆಟ್ಟಿಗೆ.

“ಅಗಂ ಬಾಯಿ, ಶಶಿ! ಇಷ್ಟು ಗುಟ್ಟು ಮಾಡೋದೇನ? ಹುಡುಗ ಎಲ್ಲಿಯವ?”

“ಯಾವ ಹುಡುಗ ಕಾಕು?”

“ಅಯ್ಯ, ಮತ್ತ ಯಾವ ಹುಡುಗ! ವಿದ್ಯಾಂದು ಲಗ್ನ ಗಟ್ಟಿ ಆಗೇದಲ್ಲ!”

ಅದೇ ಹೊತ್ತಿಗೆ ವಿದ್ಯಾ ತಲೆಗೆ ಎಣ್ಣೆ ಮೆತ್ತಿಕೊಂಡು ಒಳಗಿನಿಂದ ಬಂದಳು. ಕಾಕು ಅವಳ ಗದ್ದ ಹಿಡಿದು, “ಎಷ್ಟ್ ಕಳಾ ಬಂದದ ನೋಡು ಮಾರಿಗೆ!” ಎಂದರು. ವಿದ್ಯಾ ನನ್ನನ್ನು ನೋಡಿದ ನೋಟಕ್ಕೆ ನಾನು ಗೊನೆಯ ಹಿಂದೆ ಸರಿದೆ. ಅವಳು ಓಡಿಹೋಗಿ ಲ್ಯಾಪ್‌ಟಾಪ್ ತೆಗೆದಳು.

“ಪಪ್ಪಾ! ಲಗತ್ತು ಎಲ್ಲದ?”

“ಬರ್ದೀನಲ್ಲ, ಲಗತ್ತು ನೋಡಿ ಅಂತ.”

“ಬರ್ದೀರಿ. ಹಚ್ಚೀರೇನು?”

ಇಲ್ಲಿ ಓದುಗರು ನನ್ನ ಕಷ್ಟವನ್ನು ತಿಳಿದುಕೊಳ್ಳಬೇಕು. ಕಚೇರಿಯಲ್ಲಿ ‘ಲಗತ್ತು’ ಎಂದು ಬರೆಯುವುದಷ್ಟೇ ನನ್ನ ಕೆಲಸ. ಹಚ್ಚುವುದು ಜವಾನನ ಕೆಲಸ! ಜೀವಮಾನದಲ್ಲಿ ಒಮ್ಮೆಯೂ ನಾನು ಆ ಕೆಲಸಕ್ಕೆ ಕೈಹಾಕಿದವನಲ್ಲ.

ಇನ್ನು ವಾದಕ್ಕೆ ಸಮಯವಿರಲಿಲ್ಲ. ಗಲ್ಲಿಯ ತುಂಬ ಸ್ಕೂಟರುಗಳು. ಸಂಘದವರು ಬಂದರು, ನೆಂಟರು ಬಂದರು, ನನ್ನ ನೆನಪಿಗೇ ಬಾರದವರೂ ಬಂದರು. ಎಲ್ಲರ ಜೊತೆ ಹೆಂಡಂದಿರು, ಸೊಸೆಯಂದಿರು, ಮಕ್ಕಳು. ಶಶಿ ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಅರಿಷಿಣ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದಳು.

“ಏನ್ ಮಾಡ್ಲಾಕತ್ತಿ?”

“ಉಡಿ ತುಂಬ್ತೀನಿ.”

“ಏ, ಅವು ಮಾರೋ ಹಣ್ಣು!”

“ಶುಭ ಸುದ್ದಿ ಅಂತ ಕರ್ದು, ಬಂದ ಮುತ್ತೈದೇರ ಕೈಯಾಗ ಬಿಲ್ಲು ಕೊಡ್ಲೇನು? ನಾಳಿಗಿ ಶಹಾಬಜಾರದಾಗ ನಾ ತಲಿ ಎತ್ತಿ ತಿರುಗೋದು ಬ್ಯಾಡೇನ್ರಿ?”

ಶಾಸ್ತ್ರದ ಮುಂದೆ ಪತ್ರವ್ಯವಹಾರ ನಡೆಯುವುದಿಲ್ಲ. ಬಂದ ಬಂದ ಹೆಂಗಸರು ಸೆರಗು ಒಡ್ಡಿದರು. ಶಶಿ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು ಹಾಕಿ ಉಡಿ ತುಂಬಿದಳು. ತೆಂಗಿನಕಾಯಿ ಮುಗಿದವು. ಅದರ ಬದಲಿಗೆ ಇನ್ನಷ್ಟು ಬಾಳೆಹಣ್ಣು! ಅಕ್ಕಿಯ ಡಬ್ಬಿ ಬರಿದಾಯಿತು. ಅದಕ್ಕೂ ಬಾಳೆಹಣ್ಣು! ನಾನು ತಾಳಲಾರದೆ ಕುರ್ಚಿಯ ಮೇಲೆ ಹತ್ತಿ, “ಮಹನೀಯರೇ, ಸದರಿ ಹಣ್ಣುಗಳು ಮಾರಾಟಕ್ಕೆ ಇರುತ್ತವೆ” ಎಂದು ಕೂಗಿದೆ. ಎಲ್ಲರೂ ಗೊಳ್ಳೆಂದು ನಕ್ಕರು. “ಮೊದಲಿಂದ್ಲೂ ಇವರದು ಮಜಾಕ್ ಭಾಳ!” ಎಂದು ಸಂಘದ ಅಧ್ಯಕ್ಷರು ಬೆನ್ನು ತಟ್ಟಿದರು. ಲಗ್ನ ಇಲ್ಲ ಎಂದು ಕೈಮುಗಿದು ಹೇಳಿದೆ. “ಖರೆ, ಪೂರಾ ಗಟ್ಟಿ ಆಗೋತನಕ ಹೇಳಬಾರದು ಬಿಡ್ರಿ” ಎಂದು ಅವರ ಮನೆಯವರು ಸಮಾಧಾನ ಮಾಡಿದರು.

ಆಗ ಬಾಗಿಲಲ್ಲಿ ಪಟಕಾ ಸುತ್ತಿದ ಒಂದು ತಲೆ ಕಂಡಿತು. ಕಮಲಾಪುರದ ಬಸ್ಸಿನಿಂದ ಇಳಿದು ಬಂದ ಮಾವನವರು!

“ಅಳಿಯಂದ್ರ! ಬೆಳಿಗ್ಗೆ ಎದ್ದು ಮಂದಿ ನಮ್ಮನಿಗಿ ಫೋನ್ ಮಾಡಿ ಶುಭ ಆಗ್ಲಿ ಅಂತಾರ. ಮೊಮ್ಮಗಳ ಲಗ್ನ ಗೊತ್ತು ಮಾಡ್ತೀರಿ, ಹುಡುಗೀಗಿ ಸೋದರಮಾವ ಅಂಬವ ಒಬ್ಬ ಅದಾನ ಅಂತ ನೆನಪಿಲ್ಲೇನು? ಅವನ್ನ ಕೇಳ್ದೆ ಗಂಡು ನೋಡೋ ಪದ್ಧತಿ ಯಾವ ಊರಾಗದ?”

ಸೋದರಮಾವ ಅಂಬವ ಗೊನೆಗಳ ನಡುವೆ ಅಪರಾಧಿಯಂತೆ ನಿಂತಿದ್ದ. “ಅಪ್ಪಾ, ಲಗ್ನ ಇಲ್ಲ. ನನ್ನ ಹಣ್ಣು ಮಾರ್ಲಿಕ್ಕ ಮಾಮಾ ಮೇಲ್ ಕಳ್ಸ್ಯಾರ.”

ಮಾವನವರು ಉಡಿ ತುಂಬಿಕೊಂಡು ಹೊರಟ ಹೆಂಗಸರ ಸಾಲನ್ನು ಒಂದು ಸಲ ನೋಡಿದರು. ನನ್ನನ್ನು ಒಂದು ಸಲ ನೋಡಿದರು.

“ಹಣ್ಣು ಖಾಲಿ ಆಗ್ಲಾಕತ್ತಾವ?”

“ಆಗ್ಲಾಕತ್ತಾವ್ರಿ.”

“ರೊಕ್ಕ?”

ಡಬ್ಬಿ ತೆರೆದು ತೋರಿಸಿದೆ. ಯಾರೋ ಶಾಸ್ತ್ರಕ್ಕೆ ಹಾಕಿದ ಎರಡು ಅಡಿಕೆ ಇದ್ದವು.

“ಸಿದ್ದು, ತೊಗರಿ ಬೀಜಕ್ಕ ಹೇಳಿ ಬಿಡು” ಎಂದು ಮಾವನವರು ಕೂತರು. ಸಿದ್ದು ಹಣ್ಣು ಕಿತ್ತ ಗೊನೆಯ ದಿಂಡುಗಳನ್ನು ಒಂದೊಂದಾಗಿ ಎತ್ತಿ ಮೂಲೆಗೆ ಇಟ್ಟ. ಅವನು ಬೈದಿದ್ದರೆ ಒಳ್ಳೆಯದಿತ್ತು. ಆ ದಿನ ನಾನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಶಶಿ ಬಡಿಸಲೂ ಇಲ್ಲ.

ಮರುದಿನ ಶಶಿಯ ಫೋನು ರಿಂಗಣಿಸತೊಡಗಿತು. ಮೊದಲು ಸಂಘದ ಅಧ್ಯಕ್ಷರ ಮನೆಯವರು: “ಲಗ್ನದ ಮಾತು ಇರ್ಲಿ ಬಿಡ್ರಿ. ಆ ಹಣ್ಣು ಎಲ್ಲಿಂದ ತರ್ಸಿದ್ರಿ? ಮೊಮ್ಮಕ್ಕಳು ಒಂದೂ ಉಳಿಸಿಲ್ಲ!” ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಶಶಿ ಪ್ರತಿಯೊಬ್ಬರಿಗೂ ದರ ಹೇಳಿ, ಎಷ್ಟು ಡಜನ್ನು ಎಂದು ಕೇಳಿ, ಸಿದ್ದುವಿಗೆ ತಿಳಿಸಿದಳು. ತೋಟದಲ್ಲಿ ಉಳಿದಿದ್ದ ಗೊನೆಗಳೂ ಕಮಲಾಪುರದಿಂದ ಟೆಂಪೋ ಹತ್ತಿದವು. ಬಂದವು ಬಂದಂತೆಯೇ ಮಾರಿಹೋದವು. ರೊಕ್ಕಕ್ಕೆ! ಊರಿಗೆ ಹೋದರೆ ಅತ್ತೆಗೆ ಏನು ಹೇಳುವುದೆಂದು ತೋಚದೆ ನಮ್ಮಲ್ಲೇ ಉಳಿದಿದ್ದ ಮಾವನವರು ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಒಂದು ಸಂಜೆ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದೆವು. ಕುಲಕರ್ಣಿ ಕಾಕುವೂ ಎರಡು ಡಜನ್ ಹೇಳಲು ಬಂದಿದ್ದರು. ನನ್ನ ಮೈಯಲ್ಲಿ ಮತ್ತೆ ರಕ್ತ ಹರಿದಾಡಿತು.

“ಮಾವಾರ, ಉಡಿ ತುಂಬಿದ್ದು ನಿಮ್ಮ ಮಗಳು, ಒಪ್ಕೋತೀನಿ. ಆದ್ರ ಅಷ್ಟ್ ಮಂದೀನ ಮನಿತನಕ ತಂದದ್ದು ಯಾವುದ್ರಿ? ನನ್ನ ಮೇಲ್! ಊರಿಗೆ ಊರೇ ತೆಗ್ದು ಓದೇದ. ವಿದ್ಯಾ, ಮುತ್ಯಾಗ ಲೆಕ್ಕ ತೋರ್ಸು.”

“ಬ್ಯಾಡ ಪಪ್ಪಾ.”

“ತೋರ್ಸು ಅಂದ್ರ ತೋರ್ಸು!”

ವಿದ್ಯಾ ಲ್ಯಾಪ್‌ಟಾಪ್ ತೆಗೆದಳು. “ಎರಡು.”

“ಎರಡು ನೂರೇನು?”

“ಎರಡ ಮಂದಿ. ಒಂದು ಕುಲಕರ್ಣಿ ಕಾಕಾ.”

“ಇನ್ನೊಂದು?”

“ನೀವು. ಹೋಗೇದೋ ಇಲ್ಲೋ ಅಂತ ತೆಗ್ದು ನೋಡೀರಲ್ಲ.”

ಎಲ್ಲರ ಕಣ್ಣೂ ನಿಧಾನವಾಗಿ ಕಾಕುವಿನ ಕಡೆ ತಿರುಗಿದವು. ಕಾಕು ಸೆರಗು ಸರಿಮಾಡಿಕೊಂಡರು.

“ನಾ ಯಾರ ಮುಂದೂ ಅಂದಿಲ್ಲವ್ವಾ! ಇವರು ಓದಿ ಹೇಳಿದ್ರು. ಶರಣಬಸವೇಶ್ವರ ಗುಡ್ಯಾಗ ನಾಕು ಮಂದಿ ಸಿಕ್ಕಿದ್ರು, ಅಷ್ಟ ಅವರಿಗೆ ಅಂದೆ. ಮ್ಯಾಲ ಕಮಲಾಪುರಕ್ಕ ಶಶಿಯ ತಾಯಿಗೆ ಒಂದು ಫೋನು.”

ಮಾವನವರು ನಕ್ಕರು. ನಾನು ಅಳಿಯನಾದ ಮೇಲೆ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡು, “ಸಿದ್ದು, ಬಾಳಿ ಇರ್ಲಿ. ತೊಗರಿ ಬ್ಯಾಡ” ಎಂದರು. ಸಿದ್ದು ತಂದೆಯ ಕಾಲು ಹಿಡಿದ. ಅವನ ಖುಷಿ ನೋಡಿ ನಾನೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮಾವನವರು ಮುಂದುವರಿಸಿದರು: “ಇನ್ನ ಮ್ಯಾಲ ಹಣ್ಣು ಕೊಯ್ದಾಗೆಲ್ಲ ಮೊದಲ ಕಾಕು ಅವರಿಗಿ ಹೇಳು. ಅಳಿಯಂದ್ರು ಏನೂ ಬರೀಬಾರದು.”

ಅಂದೇ ನನ್ನನ್ನು ಪತ್ರವ್ಯವಹಾರ ವಿಭಾಗದಿಂದ ಸಾಗಾಟ ವಿಭಾಗಕ್ಕೆ ವರ್ಗಾಯಿಸಲಾಯಿತು. ಈಗ ಸ್ಕೂಟರಿನ ಮುಂದೊಂದು, ಹಿಂದೊಂದು ಗೊನೆ ಕಟ್ಟಿಕೊಂಡು ಮನೆಮನೆಗೆ ಹಣ್ಣು ಮುಟ್ಟಿಸುವ ಕರ್ತವ್ಯ ನಿರ್ವಹಿಸುತ್ತಿದ್ದೇನೆ. ಆದೇಶ ಬಾಯಿಮಾತಿನದು. ಮೇಲ್ಮನವಿಗೆ ಅವಕಾಶವಿರುವುದಿಲ್ಲ.