ದೊಡ್ಡಪ್ಪನ ಮಣಿಕಟ್ಟಿನಲ್ಲಿ ಮೂರು ಶಿಫ್ಟ್

ನಮ್ಮ ದೊಡ್ಡಪ್ಪನ ಮಣಿಕಟ್ಟಿನೊಳಗೆ ಒಂದು ಕಾರ್ಖಾನೆ ನಡೆಯುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ! ಅದರ ಲಾಗ್ ಬುಕ್ ಬರೆದವಳು ನಾನೇ. ನಲವತ್ತೆರಡು ದಿನ, ಒಂದೂ ತಪ್ಪಿಲ್ಲ.

ಕಾಗದದ ಮಿಲ್ಲಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಅವರು ಬಿದ್ದದ್ದೂ ಪಾಠ ಹೇಳುತ್ತಲೇ. ಸ್ಟೂಲಿನಿಂದ ಬೀಳದೆ ಇಳಿಯುವುದು ಹೇಗೆಂದು ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು! ಬಲ ಮಣಿಕಟ್ಟು ಮುರಿಯಿತು. ಶಿವಮೊಗ್ಗದ ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಬೇಕು. ಈ ವಯಸ್ಸಲ್ಲಿ ಬೆರಳು ಮೊದಲಿನ ಹಾಗೆ ಆಡುತ್ತೋ ಇಲ್ವೋ ಹೇಳಕ್ಕಾಗಲ್ಲ" ಎಂದರು. ನನ್ನೊಂದಿಗೆ ಮನೆಗೆ ಮರಳುವಾಗ ವಿದ್ಯಾನಗರದಿಂದ ಮಲವಗೊಪ್ಪದವರೆಗೆ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ದಾಖಲೆ!

ಮಲವಗೊಪ್ಪದಲ್ಲಿ ಬಾಯಿ ಬಂತು.

"ಡಾಕ್ಟರ್ ಏನು ಮಾಡ್ತಾರೆ ಮಾರಾಯ್ತಿ? ದುಡಿಯೋರು ಒಳಗಿದಾರೆ. ಎ ಶಿಫ್ಟ್‌ನೋರು ಹೆಪ್ಪುಗಟ್ಟಿದ ರಕ್ತ ಕ್ಲೀನ್ ಮಾಡ್ತಾರೆ. ಬಿ ಶಿಫ್ಟ್‌ನೋರು ಮೆದುಮೂಳೆಯ ಸೇತುವೆ ಕಟ್ತಾರೆ, ನಮ್ಮ ಮಿಲ್ಲಿನ ಕಾಗದದ ಪಲ್ಪ್ ಥರ ಮೆತ್ತಗೆ. ಸಿ ಶಿಫ್ಟ್‌ನೋರು ಸುಣ್ಣ ತುಂಬಿ ಗಟ್ಟಿ ಮಾಡ್ತಾರೆ. ನಿಮ್ಮಮ್ಮನ ಹೊಟ್ಟೇಲಿ ನಿನ್ನ ಮೂಳೆನೂ ಹೀಗೇ ಆಗಿದ್ದು. ಆಗ ಫೋರ್‌ಮನ್ ಇರ್ಲಿಲ್ಲ, ಅದಕ್ಕೇ ಕುಳ್ಳಿ ಆದೆ!"

ರಜೆಯಿದ್ದುದರಿಂದ ನಾನು ಕಾಗದನಗರದ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಆರಕ್ಕೆ ಪ್ಲಾಸ್ಟರಿಗೆ ಕಿವಿಯಿಟ್ಟು, "ಎ ಶಿಫ್ಟ್ ಹಾಜರ್! ಬರ್ಕೋ" ಎನ್ನುತ್ತಿದ್ದರು. ರಾಗಿ ಅಂಬಲಿ ಬಂದರೆ "ಕಚ್ಚಾ ಮಾಲು!" (ಒಟ್ಟು ಎಂಬತ್ತನಾಲ್ಕು ಲೋಟ.) ಅಂಗಳದ ಬಿಸಿಲೇ ಡ್ರೈಯರ್.

"ಮುರಿದಿರೋದು ಕೈಯೋ ತಲೆಯೋ?" ಎಂದು ದೊಡ್ಡಮ್ಮ ಕೇಳಿದರೆ, "ಮ್ಯಾನೇಜ್‌ಮೆಂಟ್ ಮಧ್ಯೆ ಬರಬಾರ್ದು!" ಎಂಬ ಉತ್ತರ.

ಎಲ್ಲಕ್ಕಿಂತ ವಿಚಿತ್ರವೆಂದರೆ ಮಧ್ಯಾಹ್ನದ ಕೆಲಸ. ಕಿಟಕಿಯ ಸರಳಿಗೆ ಮೂರು ದಾರ ಕಟ್ಟಿ, ಪ್ಲಾಸ್ಟರಿನಿಂದ ಇಣುಕುವ ಊದಿದ ಬೆರಳುಗಳಿಂದ ಹೆಣೆಯುತ್ತಿದ್ದರು. ಮೊದಲ ವಾರ ಆರು ಹೆಣಿಗೆ. ಐದನೆಯ ವಾರ ನೂರಾ ನಾಲ್ಕು. ಬೆರಳು ಆಡಿಸಲು ಬೇರೆ ವ್ಯಾಯಾಮವೇ ಇರಲಿಲ್ಲವೇ?

ಕೊನೆಗೂ ಪ್ಲಾಸ್ಟರ್ ಬಿಚ್ಚಿದರು. "ಮೂಳೆ ಚೆನ್ನಾಗಿ ಕೂಡಿದೆ" ಎಂದರು ಡಾಕ್ಟರು. ದೊಡ್ಡಪ್ಪ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸಾಲಿನಲ್ಲಿ ಕೂತ ರೋಗಿಗಳಿಗೆಲ್ಲ ತೋರಿಸಿದರು. "ನೋಡ್ರೀ, ಪ್ರೊಡಕ್ಷನ್!"

ಮನೆಗೆ ಬಂದವರೇ ಮತ್ತೆ ಸ್ಟೂಲ್ ಹತ್ತುತ್ತಾರೆಂದು ಹೆದರಿದ್ದೆ. ಅವರು ಬಾಚಣಿಗೆ ಕೇಳಿದರು.

ದೊಡ್ಡಮ್ಮನಿಗೆ ಭುಜ ಹಿಡಿದು ನಾಲ್ಕು ವರ್ಷ. ಕೈ ತಲೆಯವರೆಗೆ ಏಳುವುದಿಲ್ಲ. ಆಗಿನಿಂದ ಅವರಿಗೆ ಜಡೆ ಹಾಕುತ್ತಿದ್ದುದು ದೊಡ್ಡಪ್ಪನೇ ಎಂದು ನನಗೆ ಅವತ್ತೇ ಗೊತ್ತಾದದ್ದು. ಇಷ್ಟು ದಿನ ನಾನು ಜಡೆ ಹಾಕುತ್ತೇನೆಂದರೆ, "ಬೇಡ ಕಣೇ, ಕ್ಲಿಪ್ ಸಾಕು" ಎನ್ನುತ್ತಿದ್ದರು. ಈಗ ತಾವೇ ಬಂದು, ದೊಡ್ಡಪ್ಪನಿಗೆ ಬೆನ್ನು ಮಾಡಿ ಕುಳಿತರು.

ದೊಡ್ಡಪ್ಪನ ಬೆರಳುಗಳು ಒಂದೊಂದೇ ಎಳೆ ಹಿಡಿದು ಹೆಣೆದವು. ಹತ್ತೊಂಬತ್ತು ನಿಮಿಷ.

"ಬಿಗಿ ಆಯ್ತೇನೇ?"

"ಇಲ್ಲ. ಸರಿಯಾಗಿದೆ."

ಲಾಗ್ ಬುಕ್ಕಿನ ಕೊನೆಯ ಸಾಲು ಬರೆದೆ: ಉತ್ಪಾದನೆ, ಒಂದು ಜಡೆ. ಸ್ವಲ್ಪ ಸೊಟ್ಟ.